ಭಾನುವಾರದ ಪಕ್ಕೆಲುಬು

“ಈ ಸೂಪಿಗೆ ಉಪ್ಪು ಹಾಕಿದ್ದು ಯಾರು?”

ನಾದಿನಿ ಚಮಚವನ್ನು ಬಟ್ಟಲಿನೊಳಕ್ಕೆ ಎಸೆದ ಸದ್ದಿಗೆ ಮೇಜಿನ ಸುತ್ತ ಎಲ್ಲರ ಕೈಗಳೂ ನಿಂತವು. ಮಾವ ಬಾಯಿಗೆ ಹಾಕಿಕೊಂಡದ್ದನ್ನು ನುಂಗುವುದೋ ಉಗುಳುವುದೋ ತಿಳಿಯದೆ ಕೆನ್ನೆ ಉಬ್ಬಿಸಿಕೊಂಡು ಕುಳಿತರು. ಗಂಡ ನೀರಿನ ಲೋಟಕ್ಕೆ ಕೈ ಚಾಚಿದ. ಮೇಜಿನ ತುದಿಯಲ್ಲಿದ್ದ ಅತ್ತೆ ಮಾತ್ರ ಏನೂ ಆಗದವರಂತೆ ಬ್ರೆಡ್ ಮುರಿಯುತ್ತಿದ್ದರು. ಆದರೆ ಮುರಿದ ಚೂರನ್ನೇ ಮತ್ತೆ ಮತ್ತೆ ಮುರಿಯುತ್ತಿದ್ದುದು ಎದುರಿಗೆ ಕೂತ ಸೊಸೆಗೆ ಕಂಡಿತು.

“ನಾನೇ,” ಎಂದಳು ಸೊಸೆ. “ಎರಡು ಸಲ ಹಾಕಿಬಿಟ್ಟೆ ಅನ್ಸುತ್ತೆ...”

“ಅನ್ಸುತ್ತೆ! ಹೋದ ವಾರ ಹಾಲು ಸೀಯಿಸಿದ್ದು ನೀವೇ. ಅದರ ಹಿಂದಿನ ವಾರ ಹುಳಿ ಬಂದ ಕೆನೆ ಕೇಕಿಗೆ ಬಳಿದಿದ್ದೂ ನೀವೇ. ಸಾವಿರ ಮನೆ ವಿಳಾಸ ನೆನಪಿರುತ್ತೆ, ಉಪ್ಪು ಹಾಕಿದ್ದು ನೆನಪಿರಲ್ವಾ ಅತ್ತಿಗೆ?” ನಾದಿನಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. “ಬರೋ ಭಾನುವಾರ ಅವರು ಬರ್ತಾರೆ. ಅವತ್ತು ನೀವು ಒಲೆ ಹತ್ರ, ಗ್ರಿಲ್ ಹತ್ರ ಎಲ್ಲೂ ಸುಳೀಬೇಡಿ. ರಿಬ್ಸ್ ಅಮ್ಮ ಒಬ್ಬಳೇ ಮಾಡಲಿ. ನನ್ನ ಜೀವನದ ಪ್ರಶ್ನೆ ಇದು!”

ಸೊಸೆ ತಲೆಯಾಡಿಸಿದಳು. ಅತ್ತೆ ತಲೆ ಎತ್ತಲಿಲ್ಲ.

ಆ ಮನೆಯಲ್ಲಿ ಐದು ಜನ. ಅತ್ತೆ ಮೂವತ್ತು ವರ್ಷ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವರಾಗಿದ್ದವರು. ನಾನೂರು ಜನರಿಗೆ ಹೊತ್ತಿಗೆ ಸರಿಯಾಗಿ ಬಡಿಸಿ, ಒಬ್ಬರಿಂದಲೂ ಗೊಣಗಾಟ ಕೇಳದೆ ನಿವೃತ್ತಿಯಾದವರು. ಮಾವ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಎಷ್ಟೋ ವರ್ಷ ಪಕ್ಕದ ಸೀಟಿನಲ್ಲಿ ಕೂತು ಜೀವ ಕೈಯಲ್ಲಿ ಹಿಡಿದುಕೊಂಡದ್ದರಿಂದ, ಮನೆಯಲ್ಲಿ ಯಾರಾದರೂ ಬಿಸಿ ಪಾತ್ರೆ ಹಿಡಿದು ಜೋರಾಗಿ ನಡೆದರೂ ಸಾಕು, ಅವರ ಬಲಗಾಲು ತಾನಾಗಿಯೇ ನೆಲದ ಮೇಲೆ ಬ್ರೇಕ್ ಒತ್ತುತ್ತಿತ್ತು. ಮಗನದು ಕನ್ನಡಕದ ಅಂಗಡಿ. ಮಗಳು ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಮೇಲ್ವಿಚಾರಕಿ; ಆವಿಯ ನಡುವೆ ದುಡಿದು ದುಡಿದು ಸ್ವಭಾವವೂ ಹಾಗೇ ಆಗಿತ್ತೋ ಏನೋ, ಅಣ್ಣ ಅವಳನ್ನು ‘ಇಸ್ತ್ರಿ’ ಎಂದೇ ಕರೆಯುತ್ತಿದ್ದ. ಇನ್ನು ಸೊಸೆ, ಆರು ವರ್ಷದ ಹಿಂದೆ ಈ ಮನೆಗೆ ಬಂದ ಅಂಚೆಯವಳು. ಬೆಳಗ್ಗೆ ಚೀಲ ಹೆಗಲಿಗೇರಿಸಿ ಹೊರಟರೆ ಬೀದಿಬೀದಿಯ ನಾಯಿಗಳೂ ಬಾಲ ಅಲ್ಲಾಡಿಸಿ ದಾರಿ ಬಿಡುತ್ತಿದ್ದವು. ಮಾವ ಅವಳನ್ನು ಅಕ್ಕರೆಯಿಂದ ‘ಟಪಾಲು’ ಎನ್ನುತ್ತಿದ್ದರು.

ಹಿತ್ತಿಲಿನ ಗ್ರಿಲ್ ಅತ್ತೆಯ ಸಿಂಹಾಸನ. ಗುಂಡುಮುಚ್ಚಳದ ಕಪ್ಪು ಕಬ್ಬಿಣದ ಗ್ರಿಲ್ ಅದು. ಮನೆಯಲ್ಲಿ ಸಂತೋಷದ ಸಂಗತಿ ಏನು ನಡೆದರೂ ಅದರ ಮೇಲೆ ರಿಬ್ಸ್, ಅಂದರೆ ಹಂದಿಯ ಪಕ್ಕೆಲುಬು, ಐದು ಗಂಟೆ ಹೊಗೆಯಲ್ಲಿ ಬೆಂದು, ಸಿಹಿಹುಳಿ ಸಾಸ್ ಹಚ್ಚಿಕೊಂಡು ಕೆಂಪಗೆ ಹೊಳೆಯುತ್ತಾ ಮೇಜಿಗೆ ಬರಬೇಕು. ಮಗ ಪರೀಕ್ಷೆ ಪಾಸಾದಾಗ, ಮಾವ ಆಸ್ಪತ್ರೆಯಿಂದ ಮನೆಗೆ ಬಂದಾಗ, ಕೊನೆಗೆ ಸೊಸೆಯನ್ನು ನೋಡಲು ಕರೆಸಿದಾಗಲೂ ಅದೇ. ಆ ದಿನ ಸೊಸೆ ಒಂಬತ್ತು ಪಕ್ಕೆಲುಬು ತಿಂದಿದ್ದಳು. “ಹುಡುಗಿ ಒಳ್ಳೆಯವಳೇ ಇರಬೇಕು,” ಎಂದು ಅತ್ತೆ ಆವತ್ತೇ ತೀರ್ಮಾನ ಹೇಳಿದ್ದರಂತೆ.

ಈಗ ನಾದಿನಿಯ ಸರದಿ. ಮೂವತ್ತಾರು ದಾಟಿದ ಅವಳು, ಇನ್ನು ಮದುವೆಯ ಮಾತೇ ಬೇಡ ಎಂದು ಕೈತೊಳೆದುಕೊಂಡಿದ್ದವಳು, ಲಾಂಡ್ರಿಗೆ ಹಿಟ್ಟು ಮೆತ್ತಿದ ಏಪ್ರನ್‌ಗಳನ್ನು ತರುತ್ತಿದ್ದ ಒಬ್ಬ ಬೇಕರಿಯವನನ್ನು ಮೆಚ್ಚಿಕೊಂಡಿದ್ದಳು. ಹೆಂಡತಿ ತೀರಿಕೊಂಡು ಐದು ವರ್ಷವಾಗಿದ್ದ ಮೆತ್ತಗಿನ ಮನುಷ್ಯ. ಅವನ ತಾಯಿ ಮಾತ್ರ ಮೆತ್ತಗಿನವರಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆ ತಾಯಿಯೂ ಮಗನೂ ಭಾನುವಾರ ಮಧ್ಯಾಹ್ನ ಒಂದಕ್ಕೆ ಬಂದು, ಮಾತುಕತೆ ಮುಗಿಸಿ ಮೂರಕ್ಕೆ ಊಟಕ್ಕೆ ಕೂರುವವರಿದ್ದರು. ನಾದಿನಿ ಒಂದು ತಿಂಗಳಿಂದ ಅಮ್ಮನ ರಿಬ್ಸ್ ಬಗ್ಗೆ ಅವರ ಮುಂದೆ ಹೊಗಳಿದ್ದೇ ಹೊಗಳಿದ್ದು.

ಆದರೆ ಆ ಮನೆಯಲ್ಲಿ ಒಂದು ಗುಟ್ಟಿತ್ತು. ಅದು ಗೊತ್ತಿದ್ದುದು ಇಬ್ಬರಿಗೇ.

ಎಂಟು ತಿಂಗಳ ಹಿಂದೆ, ಚಳಿ ಶುರುವಾಗುವಾಗ, ಅತ್ತೆಗೆ ಒಂದು ಕೆಟ್ಟ ಜ್ವರ ಬಂದು ಹೋಗಿತ್ತು. ಅದಾದ ಹದಿನೈದು ದಿನಕ್ಕೆ, ಒಂದು ಮಧ್ಯಾಹ್ನ, ಸೊಸೆ ಮರೆತ ಕೈಚೀಲ ಒಯ್ಯಲು ಕೆಲಸದ ನಡುವೆಯೇ ಮನೆಗೆ ಬಂದಳು. ಬಾಗಿಲು ತೆರೆದವಳಿಗೆ ತಲೆ ತಿರುಗಿತು. ಮನೆ ತುಂಬ ಗ್ಯಾಸಿನ ವಾಸನೆ! ಅಡುಗೆಮನೆಗೆ ಓಡಿದರೆ, ಒಲೆಯ ಪಕ್ಕದಲ್ಲೇ ಕೂತು ಬಟಾಣಿ ಬಿಡಿಸಿದ್ದ ಅತ್ತೆ ಆಗಷ್ಟೇ ಎದ್ದು, ಬೆಂಕಿಪೊಟ್ಟಣದಿಂದ ಕಡ್ಡಿ ತೆಗೆದು ಗೀರಲು ಕೈ ಎತ್ತಿದ್ದರು. ಸೊಸೆ ಕೂಗಲಿಲ್ಲ, ಕೂಗಲು ಹೊತ್ತಿರಲಿಲ್ಲ. ಹಾರಿ ಹೋಗಿ ಆ ಕೈಯನ್ನು ಎರಡೂ ಕೈಯಿಂದ ಹಿಡಿದುಬಿಟ್ಟಳು. ಬಟಾಣಿ ನೆಲದ ತುಂಬ ಉರುಳಿತು.

“ಏನೇ ಇದು?” ಎಂದರು ಅತ್ತೆ ಬೆಚ್ಚಿ.

“ಗ್ಯಾಸು, ಅತ್ತೆ! ಗ್ಯಾಸು... ನಿಮಗೆ ವಾಸನೆ ಬರ್ತಿಲ್ವಾ?”

ಆ ಪ್ರಶ್ನೆಗೆ ಅತ್ತೆಯ ಮುಖ ಹೇಗಾಯಿತೆಂದರೆ, ಸೊಸೆಗೆ ಉತ್ತರವೇ ಬೇಕಾಗಲಿಲ್ಲ. ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ಹೊರಗಿನ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಎಂದೂ ಯಾರ ಮುಂದೆಯೂ ಕಣ್ಣೀರು ಹಾಕದ ಹೆಂಗಸು ಅಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಜ್ವರ ಬಿಟ್ಟ ದಿನದಿಂದ ಮೂಗು ಸತ್ತಿತ್ತು. ಕಾಫಿಗೆ ಪರಿಮಳವಿಲ್ಲ, ಹುರಿದ ಈರುಳ್ಳಿಗಿಲ್ಲ, ಸಾಬೂನಿಗೂ ಇಲ್ಲ. ನಾಲಿಗೆಗೆ ಉಪ್ಪು, ಸಿಹಿ, ಹುಳಿ, ಖಾರ ಎಂಬ ನಾಲ್ಕು ಮಾತುಗಳು ಮಾತ್ರ ಉಳಿದಿದ್ದವು... ರುಚಿ ಎಂಬುದೇ ಹೊರಟುಹೋಗಿತ್ತು.

“ಯಾರಿಗೂ ಹೇಳಬೇಡ,” ಎಂದರು ಅತ್ತೆ. “ನಿನ್ನ ಗಂಡನಿಗೂ ಹೇಳಬೇಡ. ಮೂಗಿಲ್ಲದ ಅಡುಗೆಯವಳು ಅಂದ್ರೆ ಏನು ಉಳೀತು ಹೇಳು? ಮೂಲೆಯಲ್ಲಿ ಕೂರಿಸಿ ಗಂಜಿ ಕೊಡ್ತಾರೆ ಅಷ್ಟೇ. ಮಾತು ಕೊಡು!”

ಸೊಸೆ ಮಾತು ಕೊಟ್ಟಳು. ಅಂದಿನಿಂದ ಹಾಲು ಸೀದರೆ ಅವಳದೇ ತಪ್ಪು, ರುಚಿ ಸಾಲದೆಂದು ಅತ್ತೆ ಮತ್ತೆ ಮತ್ತೆ ಸುರಿದ ಉಪ್ಪೂ ಅವಳದೇ ತಪ್ಪು. ಕೆಲಸಕ್ಕೆ ಹೋಗುವ ಮುಂಚೆ ಗ್ಯಾಸಿನ ಗುಂಡಿಗಳನ್ನು ಮೂರು ಸಲ ತಿರುಗಿಸಿ ನೋಡುವಳು. ಹಾಲು, ಮೊಟ್ಟೆ, ಮಾಂಸ ಎಲ್ಲವನ್ನೂ ಕದ್ದು ಮೂಸಿ ಇಡುವಳು. ಇಷ್ಟು ಮಾಡಿದವಳ ಮೇಲೆ ಅತ್ತೆಗೆ ಪ್ರೀತಿ ಹೆಚ್ಚಬೇಕಿತ್ತಲ್ಲವೇ? ಹೆಚ್ಚಲಿಲ್ಲ. ತನ್ನ ಕುಂದನ್ನು ಬಲ್ಲವಳು ದಿನಾ ಎದುರಿಗೆ ಓಡಾಡುತ್ತಿದ್ದರೆ ಅದನ್ನು ಸಹಿಸುವುದು ಸುಲಭವಲ್ಲ. ಅತ್ತೆ ಸಿಡಿಮಿಡಿ ಎನ್ನತೊಡಗಿದರು. ಮಗಳು ಸೊಸೆಯನ್ನು ಬೈದರೆ ಸುಮ್ಮನಿದ್ದರು. ಆ ಸುಮ್ಮನಿರುವಿಕೆಯೇ ಅವರನ್ನು ಒಳಗೊಳಗೆ ಕೊರೆಯುತ್ತಿತ್ತು ಎಂಬುದೂ ನಿಜ. ಆದರೆ ಕೊರೆತವನ್ನು ಯಾರು ಕಂಡರು!

ಭಾನುವಾರ ಬಂದೇಬಿಟ್ಟಿತು. ಒಳ್ಳೆಯ ಬಿಸಿಲು, ತೆಳ್ಳಗಿನ ಗಾಳಿ. ಬೆಳಗ್ಗೆ ಒಂಬತ್ತಕ್ಕೆಲ್ಲ ಅತ್ತೆ ಹಿತ್ತಿಲಿನ ಮೇಜಿನ ಮೇಲೆ ಆರು ಪಟ್ಟಿ ಪಕ್ಕೆಲುಬನ್ನು ಸಾಲಾಗಿ ಹರವಿದ್ದರು. ಎಲುಬಿನ ಬದಿಯ ತೆಳುಪೊರೆಯ ಕೆಳಗೆ ಚಮಚದ ಹಿಡಿ ತೂರಿಸಿ, ಕಾಗದದ ಟವೆಲ್ಲಿನಲ್ಲಿ ಹಿಡಿದು ಒಂದೇ ಎಳೆತಕ್ಕೆ ಸರ್ರನೆ ಕಿತ್ತರು. ಕಂದು ಸಕ್ಕರೆ, ಉಪ್ಪು, ಕೆಂಪು ಮೆಣಸಿನ ಪುಡಿ, ಬೆಳ್ಳುಳ್ಳಿ ಪುಡಿ, ಸಾಸಿವೆ ಪುಡಿಗಳನ್ನು ಈ ಸಲ ಅಳತೆಯ ಚಮಚದಲ್ಲೇ ಅಳೆದು ಬೆರೆಸಿ, ಮಾಂಸಕ್ಕೆ ಧಾರಾಳವಾಗಿ ತಿಕ್ಕಿದರು. ಗ್ರಿಲ್ಲಿನ ಒಂದು ಪಕ್ಕಕ್ಕೆ ಮಾತ್ರ ಇದ್ದಿಲು ಕೂಡಿಸಿ ಹೊತ್ತಿಸಿದರು. ಬೆಂಕಿಯಿಲ್ಲದ ಇನ್ನೊಂದು ಪಕ್ಕದಲ್ಲಿ ಮಾಂಸ ಮಲಗಬೇಕು. ಅತ್ತೆಯ ಕೈಗಳಿಗೆ ಏನೂ ಮರೆತಿರಲಿಲ್ಲ; ನೋಡಿದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಮಾವ ಹಿತ್ತಿಲಿನ ಆ ತುದಿಯಲ್ಲಿ ಕುರ್ಚಿ ಒರೆಸುತ್ತಿದ್ದರು. ಮಗ ಏಣಿ ಹತ್ತಿ ನೆರಳಿಗೆ ಬಟ್ಟೆ ಕಟ್ಟುತ್ತಿದ್ದ. ನಾದಿನಿ ಒಳಗೆ ಮೇಜಿನ ಹಾಸುಬಟ್ಟೆಗೆ ಮೂರನೇ ಸಲ ಇಸ್ತ್ರಿ ಹಾಕುತ್ತಿದ್ದಳು. ಸೊಸೆಯನ್ನು ಮಾತ್ರ ಐಸ್ ತರುವ ನೆವದಲ್ಲಿ ಹೊರಗೆ ಅಟ್ಟಲಾಗಿತ್ತು.

ಹತ್ತು ಗಂಟೆಗೆ ಸೊಸೆ ಎರಡು ಚೀಲ ಐಸ್ ಹೊತ್ತು ಹಿತ್ತಿಲ ಬಾಗಿಲಿನಿಂದ ಬಂದಳು. ಮೇಜಿನ ಪಕ್ಕ ಹಾದವಳ ಹೆಜ್ಜೆ ನಿಂತಿತು. ಬೆಳ್ಳುಳ್ಳಿ, ಮೆಣಸು, ಸಕ್ಕರೆಯ ಪರಿಮಳದ ಅಡಿಯಿಂದ ಇನ್ನೊಂದು ವಾಸನೆ ಎದ್ದು ಬರುತ್ತಿತ್ತು. ಹಳಸಿದ, ಹುಳಿಹುಳಿಯಾದ ವಾಸನೆ. ಮಾಂಸ ಕೆಟ್ಟಿತ್ತು! ಅದನ್ನು ತಂದವಳು ನಾದಿನಿ. ನಿನ್ನೆ ಮಧ್ಯಾಹ್ನವೇ ಕೊಂಡು, ಉರಿಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟು, ಕೂದಲು ಸರಿಮಾಡಿಸಿಕೊಂಡು, ಬಟ್ಟೆ ಅಂಗಡಿ ಸುತ್ತಿ ಸಂಜೆ ತಂದು ಫ್ರಿಜ್ಜಿಗಿಟ್ಟಿದ್ದಳು. ಕಾಗದದ ಪೊಟ್ಟಣ ಬಿಚ್ಚುವುದಕ್ಕೂ ಸೊಸೆಗೆ ಅಪ್ಪಣೆ ಇರಲಿಲ್ಲ.

“ಅತ್ತೆ, ಒಂದು ನಿಮಿಷ ಒಳಗೆ ಬನ್ನಿ.”

“ಈಗಲೇ? ಕೆಂಡ ಸರಿಯಾಗಿದೆ.”

“ಒಂದೇ ನಿಮಿಷ ಅತ್ತೆ... ದಮ್ಮಯ್ಯ.”

ಆ ಹೊತ್ತಿಗೆ ಸರಿಯಾಗಿ ನಾದಿನಿ ಹೊರಗೆ ಬಂದಳು. “ಶುರುವಾಯ್ತಾ? ನಾನೇನು ಹೇಳಿದ್ದೆ ಅತ್ತಿಗೆ? ಅಮ್ಮನ ಹತ್ರ ಏನು ಗುಟ್ಟು? ಏನಿದ್ರೂ ಇಲ್ಲೇ, ಎಲ್ಲರ ಮುಂದೇ ಹೇಳಿ!”

ಎಲ್ಲರ ಮುಂದೆ... ‘ಮಾಂಸ ಕೆಟ್ಟಿದೆ’ ಎಂಬ ಎರಡು ಮಾತು ಸಾಕಿತ್ತು. ಆದರೆ ಅದರ ಬೆನ್ನಿಗೇ ‘ಒಂದು ಗಂಟೆಯಿಂದ ಅದರ ಮೇಲೇ ಬಗ್ಗಿ ನಿಂತಿರೋ ಅಮ್ಮನಿಗೆ ಹೇಗೆ ಗೊತ್ತಾಗಲಿಲ್ಲ?’ ಎಂಬ ಪ್ರಶ್ನೆ ಬರುತ್ತದೆ. ಅತ್ತೆಯಂತೂ, ಸೊಸೆ ತನ್ನನ್ನು ಕೈಹಿಡಿದು ನಡೆಸಲು ಬಂದಳೆಂದೇ ಭಾವಿಸಿ ಕೆರಳಿದರು. “ನನ್ನ ಕೆಲಸ ನನಗೆ ಗೊತ್ತು. ದಾರಿ ಬಿಡು,” ಎಂದು ಪಟ್ಟಿಗಳನ್ನು ಪೇರಿಸಿದ್ದ ದೊಡ್ಡ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗ್ರಿಲ್ಲಿನ ಕಡೆ ತಿರುಗಿದರು.

ಸೊಸೆ ಐಸ್ ಚೀಲಗಳ ಸಮೇತ ಮುಗ್ಗರಿಸಿದಳು. ಮುಗ್ಗರಿಸಿದವಳ ಭುಜ ತಟ್ಟೆಗೆ ಬಡಿಯಿತು. ಆರಕ್ಕೆ ಆರೂ ಪಟ್ಟಿಗಳು ದಡದಡನೆ ನೆಲಕ್ಕುರುಳಿ ಮಣ್ಣಾದವು. ಹಿತ್ತಿಲ ಆ ತುದಿಯಲ್ಲಿ ಮಾವನ ಕಾಲು ಗಕ್ಕನೆ ಬ್ರೇಕ್ ಒತ್ತಿತು!

ಮೊದಲು ಎಚ್ಚೆತ್ತವಳು ನಾದಿನಿ. “ಪರವಾಗಿಲ್ಲ, ತೊಳೆಯೋಣ... ತೊಳೆದು ಮತ್ತೆ ಮಸಾಲೆ ಹಚ್ಚಿದ್ರೆ ಆಯ್ತು...” ಎನ್ನುತ್ತಾ ಅವಳು ಓಡಿಬಂದು ಬಗ್ಗುವಷ್ಟರಲ್ಲಿ ಸೊಸೆ ಎದ್ದು ನಿಂತಳು. ಎದ್ದವಳು, ಅಂಚೆ ಇಲಾಖೆಯ ದಪ್ಪ ಅಟ್ಟೆಯ ಬೂಟುಗಾಲನ್ನು ಎತ್ತಿ, ಪಕ್ಕೆಲುಬಿನ ಮೇಲೆ ಇಟ್ಟಳು. ಒಂದರ ಮೇಲೆ, ಇನ್ನೊಂದರ ಮೇಲೆ, ಮತ್ತೊಂದರ ಮೇಲೆ... ಬೇಕೆಂದೇ ತುಳಿದಳು!

“ನಿನಗೇನು ಹುಚ್ಚು ಹಿಡಿದಿದೆಯಾ?” ಏಣಿಯ ಮೇಲಿಂದ ಗಂಡ ಅರಚಿದ.

ನಾದಿನಿಯ ಮುಖ ಬಿಳಚಿತು. ಅವಳ ದನಿ ಜೋರಾಗಲಿಲ್ಲ. ಅದೇ ಹೆದರಿಕೆ ಹುಟ್ಟಿಸುವಂತಿತ್ತು. “ನನಗೆ ಗೊತ್ತಿತ್ತು. ನಾನು ಸುಖವಾಗಿರೋದು ನಿಮಗೆ ಬೇಕಿಲ್ಲ. ಉಪ್ಪು ಸುರಿದಿದ್ದು, ಹಾಲು ಸೀಯಿಸಿದ್ದು... ಎಲ್ಲಾ ಬೇಕಂತಲೇ ಮಾಡಿದ್ದು, ಅಲ್ವಾ? ಅಣ್ಣಾ, ಈ ಹೆಂಗಸು ಈ ಮನೆಯಲ್ಲಿ ಇರೋದಾದ್ರೆ ನಾನಿರಲ್ಲ. ಇವತ್ತೇ ಹೇಳು, ಯಾರು ಬೇಕು?”

“ತಪ್ಪಾಯ್ತು,” ಎಂದಳು ಸೊಸೆ. ಅಷ್ಟೇ ಹೇಳಿದಳು. ಕಣ್ಣಿಂದ ನೀರು ದಳದಳನೆ ಇಳಿಯುತ್ತಿತ್ತು. ಗಂಡ ಏಣಿ ಇಳಿದು ಬಂದವನು, ಹೆಂಡತಿಯ ಮುಖ ನೋಡಿ, ತಂಗಿಯ ಮುಖ ನೋಡಿ, ಕೈಯಲ್ಲಿದ್ದ ಹಗ್ಗವನ್ನು ಸುತ್ತುತ್ತಾ ನಿಂತ.

ಅತ್ತೆ ಖಾಲಿ ತಟ್ಟೆ ಹಿಡಿದೇ ಇದ್ದರು. ಅವರು ಸೊಸೆಯ ಕಾಲುಗಳನ್ನೇ ನೋಡುತ್ತಿದ್ದರು. ಮಂಜುಗಟ್ಟಿದ ಮೆಟ್ಟಿಲುಗಳನ್ನು ಹತ್ತು ವರ್ಷ ಭಾರದ ಚೀಲ ಹೊತ್ತು ಹತ್ತಿ ಇಳಿದ ಕಾಲು. ಇದುವರೆಗೆ ಒಂದು ಸಲವೂ ಜಾರದ ಕಾಲು. ಅದು ಸಮನಾದ ನೆಲದ ಮೇಲೆ ಮುಗ್ಗರಿಸುವುದುಂಟೇ? ‘ಒಳಗೆ ಬನ್ನಿ, ದಮ್ಮಯ್ಯ’ ಎಂದ ಮಾತಿನ ಅರ್ಥ ಈಗ ಅವರಿಗೆ ಆಯಿತು. ನಿಧಾನವಾಗಿ ಬಗ್ಗಿ, ತುಳಿದ ಒಂದು ಪಟ್ಟಿಯನ್ನು ಎತ್ತಿ, ಮೂಗಿನ ಹತ್ತಿರ ತಂದು ದೀರ್ಘವಾಗಿ ಉಸಿರೆಳೆದರು. ಏನೂ ಇಲ್ಲ. ಗಾಳಿ ಬಿಟ್ಟರೆ ಏನೂ ಇಲ್ಲ.

“ಬಾ ಇಲ್ಲಿ,” ಎಂದು ಮಗಳನ್ನು ಕರೆದರು. “ಇದನ್ನ ಮೂಸಿ ನೋಡು.”

“ಅಮ್ಮಾ, ಈಗ ಅದಲ್ಲ...”

“ಮೂಸು ಅಂದೆ!”

ನಾದಿನಿ ಮೂಸಿದಳು. ಮೂಸಿದ್ದೇ ತಡ, ಬಾಯಿಗೆ ಕೈಯಿಟ್ಟು ಹಿಂದಕ್ಕೆ ಹಾರಿದಳು. “ಥೂ... ಕೆಟ್ಟು ನಾರ್ತಿದೆ! ಅಮ್ಮಾ, ಇದನ್ನ ಬೇಯಿಸೋಕೆ ಹೊರಟಿದ್ಯಾ? ನಿನಗೆ ಗೊತ್ತಾಗಲಿಲ್ವಾ?”

“ಇಲ್ಲ ಕಣೇ. ಗೊತ್ತಾಗಲಿಲ್ಲ.” ಅತ್ತೆ ಪಟ್ಟಿಯನ್ನು ಕೈಯಲ್ಲೇ ಹಿಡಿದಿದ್ದರು. “ಎಂಟು ತಿಂಗಳಾಯ್ತು, ನನ್ನ ಮೂಗು ಸತ್ತುಹೋಗಿ. ಸೂಪಿಗೆ ಉಪ್ಪು ಸುರಿದವಳು ನಾನು. ಹಾಲು ಸೀಯಿಸಿದವಳು ನಾನು. ಕೆಟ್ಟ ಕೆನೆ ಬಳಿದವಳೂ ನಾನೇ. ಮನೆಗೇ ಬೆಂಕಿ ಇಡ್ತಿದ್ದೆ, ಇವಳು ಬಂದು ಕೈ ಹಿಡಿದಳು. ಯಾರಿಗೂ ಹೇಳಬೇಡ ಅಂತ ಮಾತು ತಗೊಂಡೆ. ಕೊಟ್ಟ ಮಾತಿಗೆ ಅವಳು ನಿಮ್ಮೆಲ್ಲರ ಹತ್ರ ಬೈಸಿಕೊಂಡಳು... ನಾನು, ಮುದುಕಿ, ಬ್ರೆಡ್ ಮುರೀತಾ ಕೂತಿದ್ದೆ! ಇವತ್ತು ನನ್ನ ಮಾನ ಉಳಿಸೋಕೆ ತನ್ನ ಮಾನಾನೇ ಕಾಲಲ್ಲಿ ತುಳಿದಳಲ್ಲೋ...”

ಮಾವ ಬಂದು ಹೆಂಡತಿಯ ಕೈಯಿಂದ ಮಾಂಸವನ್ನು ಮೆಲ್ಲಗೆ ಬಿಡಿಸಿದರು. “ನಲವತ್ತೆರಡು ವರ್ಷ ಪಕ್ಕದ ಸೀಟಲ್ಲೇ ಕೂತಿದ್ದೀನಿ,” ಎಂದರು, ನೊಂದ ದನಿಯಲ್ಲಿ. “ನನಗೊಂದು ಮಾತು ಹೇಳೋದಲ್ವಾ?”

ನಾದಿನಿಗೆ ಕಾರಿನ ಡಿಕ್ಕಿ, ನಿನ್ನೆಯ ಬಿಸಿಲು, ಕನ್ನಡಿಯ ಮುಂದೆ ಕಳೆದ ಎರಡು ಗಂಟೆ, ಎಲ್ಲವೂ ಒಟ್ಟಿಗೆ ನೆನಪಾದವು. “ಕೆಡಿಸಿದ್ದೂ ನಾನು, ಬೈದಿದ್ದೂ ನಾನೇ...” ಎಂದು ತೊದಲಿದಳು. “ಅತ್ತಿಗೆ...” ಎಂದು ಕೈ ಹಿಡಿಯಲು ಹೋದವಳು, ಹಿಡಿಯುವ ಧೈರ್ಯ ಸಾಲದೆ, ಅಲ್ಲೇ ಮಣ್ಣಿನಲ್ಲಿ ಕೂತು ಮಗುವಿನಂತೆ ಅಳತೊಡಗಿದಳು. “ಅವರು ಒಂದು ಗಂಟೆಗೆ ಬರ್ತಾರೆ. ಈಗ ಏನೂ ಇಲ್ಲ. ನನಗೆ ಇದೇ ಆಗಬೇಕು, ಇದೇ ಆಗಬೇಕು!”

ಸೊಸೆ ಕಣ್ಣೊರೆಸಿಕೊಂಡು ಗಡಿಯಾರ ನೋಡಿದಳು. ಹತ್ತೂ ಕಾಲು. “ಮಾಂಸದಂಗಡಿ ಹನ್ನೊಂದರ ತನಕ ತೆಗೆದಿರುತ್ತೆ,” ಎಂದಳು. “ಆ ಬೀದಿಗೆ ಕಾಗದ ಹಾಕೋಳು ನಾನೇ. ಆದ್ರೆ ನಡೆದು ಹೋದ್ರೆ ಸಿಗಲ್ಲ.”

ಎಲ್ಲರೂ ಮಾವನ ಕಡೆ ತಿರುಗಿದರು. ಜೀವನದಲ್ಲಿ ಮೂವತ್ತರ ವೇಗ ದಾಟದ ಮನುಷ್ಯ! ಅವರು ಒಂದು ಸಲ ಉಗುಳು ನುಂಗಿ, “ಟಪಾಲು, ಕಾರು ಹತ್ತು,” ಎಂದು ಕೀಲಿಕೈ ತೆಗೆದರು. ಆ ಪ್ರಯಾಣದ ಬಗ್ಗೆ ಸೊಸೆ ಆಮೇಲೆ ಹೇಳಿದ್ದು ಇಷ್ಟೇ: ದಾರಿಯುದ್ದಕ್ಕೂ ಪಕ್ಕದ ಸೀಟಿನಲ್ಲಿ ಬ್ರೇಕ್ ಒತ್ತಿದವಳು ತಾನು.

ಹೊಸ ಆರು ಪಟ್ಟಿ ಮನೆಗೆ ಬಂದಾಗ ಹತ್ತೂ ಮುಕ್ಕಾಲು. ಈ ಸಲ ಪೊಟ್ಟಣ ಬಿಚ್ಚಿದ ಕೂಡಲೇ ಅತ್ತೆ ಅದನ್ನು ಸೊಸೆಯ ಮುಖದ ಹತ್ತಿರ ಹಿಡಿದರು. “ಹೇಳು.”

“ತಣ್ಣಗಿದೆ. ಶುದ್ಧವಾಗಿದೆ. ವಾಸನೆಯೇ ಇಲ್ಲ ಅತ್ತೆ.”

“ಹಾಗಾದ್ರೆ ನಿನಗೂ ನನಗೂ ಒಂದೇ ಆಯ್ತು ಬಿಡು!” ಎಂದರು ಅತ್ತೆ. ಎಂಟು ತಿಂಗಳಲ್ಲಿ ಅವರು ಮಾಡಿದ ಮೊದಲ ತಮಾಷೆ ಅದು. ಅಳುಮುಖದ ನಾದಿನಿಯೂ ನಕ್ಕುಬಿಟ್ಟಳು.

ಆಮೇಲೆ ನೋಡಬೇಕಿತ್ತು ಆ ಹಿತ್ತಿಲನ್ನು! ನಾದಿನಿ ಪೊರೆ ಕಿತ್ತಳು. ಮಗ ಟೊಮೆಟೊ, ವಿನೆಗರ್, ಸಕ್ಕರೆ, ಸಾಸಿವೆ ಹಾಕಿ ಸಾಸ್ ಕುದಿಸಿದ, ಕುದಿಯುವಾಗ ಹೆಂಡತಿಯ ಪಕ್ಕ ನಿಂತು ಮೆಲ್ಲಗೆ, “ಏಣಿ ಮೇಲಿಂದ ಅರಚಿದೆನಲ್ಲ... ಅದನ್ನ ವಾಪಸ್ ತಗೊಳ್ಳೋಕಾಗುತ್ತಾ?” ಎಂದ. “ವಿಳಾಸ ತಪ್ಪಿ ಬಂದಿದ್ದು ಅಂತ ಹಿಂದಕ್ಕೆ ಕಳಿಸಿದ್ದೀನಿ,” ಎಂದಳು ಅವಳು. ಅವನು ಈರುಳ್ಳಿ ಇಲ್ಲದ ಸಾಸಿಗೆ ಈರುಳ್ಳಿಯ ನೆಪ ಹೇಳಿ ಕಣ್ಣೊರೆಸಿಕೊಂಡ.

ಗ್ರಿಲ್ಲಿನ ಹತ್ತಿರ ಅತ್ತೆ ಸೊಸೆ ಇಬ್ಬರೇ. ಕೆಂಡದ ಮೇಲೆ ಸೇಬಿನ ಮರದ ಎರಡು ಚಕ್ಕೆ ಇಟ್ಟು, ತಣ್ಣನೆಯ ಪಕ್ಕದಲ್ಲಿ ಮಾಂಸ ಮಲಗಿಸಿ, ಮುಚ್ಚಳ ಹಾಕಿದರು. ಮೊದಲು ದಟ್ಟ ಬಿಳಿ ಹೊಗೆ ಬಂತು. “ಕಹಿ ವಾಸನೆ ಅತ್ತೆ, ಗಂಟಲು ಕೆರೆಯುತ್ತೆ,” ಎಂದಳು ಸೊಸೆ. ಅತ್ತೆ ಕೆಳಗಿನ ಗಾಳಿಕಿಂಡಿ ತೆರೆದರು. ಹೊಗೆ ತೆಳುವಾಗಿ ನೀಲಿಯಾಯಿತು. “ಈಗ?” “ಈಗ ಸಿಹಿ.” ಮುಚ್ಚಳದ ಮೇಲೆ ಅಂಗೈ ಹಿಡಿದು ಅತ್ತೆ ಬಿಸಿ ಅಂದಾಜು ಮಾಡುವರು, ಕಿವಿಯಿಟ್ಟು ಕೊಬ್ಬು ತೊಟ್ಟಿಕ್ಕುವ ಚುರುಚುರು ಕೇಳುವರು. ಗಂಟೆಗೊಮ್ಮೆ ಸೇಬಿನ ರಸ ಚಿಮುಕಿಸುವರು. ಒಮ್ಮೆ ಸೊಸೆ ತಟ್ಟನೆ, “ಎಡಗಡೆ ಸಕ್ಕರೆ ಸೀಯೋಕೆ ಹೊರಟಿದೆ!” ಎಂದಳು. ಅತ್ತೆ ಮುಚ್ಚಳ ತೆಗೆದು ನೋಡಿದರೆ, ನಿಜವೇ, ಅಂಚಿನ ಪಟ್ಟಿಯೊಂದು ಕೆಂಡದ ಕಡೆ ವಾಲಿತ್ತು. ಅದನ್ನು ಇಕ್ಕಳದಿಂದ ಸರಿಸಿದ ಅತ್ತೆ ಸೊಸೆಯನ್ನು ನೋಡಿದ ನೋಟದಲ್ಲಿ, ನಾನೂರು ಜನರ ಕ್ಯಾಂಟೀನಿನಲ್ಲಿ ಒಳ್ಳೆಯ ಸಹಾಯಕಿಗೆ ಕೊಡುತ್ತಿದ್ದ ಮರ್ಯಾದೆಯಿತ್ತು.

“ನಿನ್ನ ಮೇಲೆ ನನಗೆ ಸಿಟ್ಟಿತ್ತು,” ಎಂದರು, ಹೊಗೆಯ ಕಡೆ ನೋಡುತ್ತಾ. “ನೀನು ಏನೂ ತಪ್ಪು ಮಾಡಲಿಲ್ಲ ಅಂತಲೇ ಸಿಟ್ಟು. ಕ್ಷಮಿಸ್ತೀಯಾ?”

“ಅದೆಲ್ಲ ಬಿಡಿ ಅತ್ತೆ. ನನಗೆ ತುದಿಯ ತುಂಡು ಕೊಡಿ, ಸಾಕು.”

“ತುದಿಯ ತುಂಡು! ರುಚಿಯೆಲ್ಲ ಕೂಡಿರೋದೇ ಅಲ್ಲಿ. ಕೇಳಿದ್ದು ಕಡಿಮೆಯೇನಲ್ಲ,” ಎಂದು ಅತ್ತೆ ಅವಳ ಬೆನ್ನಿಗೊಂದು ಗುದ್ದಿದರು. ಇಬ್ಬರ ಕಣ್ಣಲ್ಲೂ ನೀರಿತ್ತು. ಹೊಗೆ ಇದ್ದುದರಿಂದ ಯಾರೂ ಕಾರಣ ಕೇಳುವಂತಿರಲಿಲ್ಲ.

ಒಂದು ಗಂಟೆಗೆ ಬೇಕರಿಯವನೂ ಅವನ ತಾಯಿಯೂ ಬಂದರು. ಅವನ ಕೈಯಲ್ಲಿ ಬಿಸಿ ಬ್ರೆಡ್ಡಿನ ದೊಡ್ಡ ಬುಟ್ಟಿ. ತಾಯಿ ಸಣ್ಣ ಆಕೃತಿ, ನೆಟ್ಟ ನೋಟ. ಏನು ಸುಳ್ಳು ಹೇಳುವುದೆಂದು ನಾದಿನಿ ಬೆವರುತ್ತಿರುವಾಗಲೇ ಅತ್ತೆ ಮಸಿ ಕೈಯಲ್ಲೇ ಬಾಗಿಲಿಗೆ ಹೋಗಿ, “ಊಟ ಮೂರಕ್ಕಲ್ಲ, ನಾಲ್ಕು ಗಂಟೆಗೆ,” ಎಂದುಬಿಟ್ಟರು. “ಮೊದಲ ಮಾಂಸ ಕೆಟ್ಟಿತ್ತು. ನನಗೆ ಮೂಗು ಹೋಗಿದೆ, ಗೊತ್ತಾಗಲಿಲ್ಲ. ಸೊಸೆಯಿಂದ ಎಲ್ಲರ ಹೊಟ್ಟೆ ಉಳಿಯಿತು. ಹಸಿವಾಗಿದ್ರೆ ನಿಮ್ಮ ಬ್ರೆಡ್ಡೇ ತಿಂತಾ ಇರೋಣ.”

ನಾದಿನಿ ಕಣ್ಣು ಮುಚ್ಚಿಕೊಂಡಳು. ಬೇಕರಿಯವನ ತಾಯಿ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹತ್ತಿರ ಬಂದು, ಎಲ್ಲರಿಗೂ ಕೇಳುವಂತೆಯೇ, “ಮೂರು ವರ್ಷದಿಂದ ನನಗೆ ಒಂದು ಕಿವಿ ಕೇಳಲ್ಲ,” ಎಂದರು. “ಯಾವುದು ಅಂತ ಇವನಿಗೂ ಹೇಳಿಲ್ಲ. ಬೇಡದ ಮಾತಿಗೆ ಆ ಕಡೆ ತಿರುಗಿ ಕೂತರೆ ಆಯ್ತು!”

“ಅಮ್ಮಾ!” ಎಂದ ಬೇಕರಿಯವನು, ಗಾಬರಿಯಿಂದ. “ಮೂರು ವರ್ಷದಿಂದ ನಾನು ಅಂಗಡಿ ವಿಷಯ ಎಲ್ಲಾ ಯಾವ ಕಿವಿಗೆ ಹೇಳ್ತಿದ್ದೆ?”

ಮಾವ ನಕ್ಕ ನಗುವಿಗೆ ಕಟ್ಟಿದ್ದ ನೆರಳಿನ ಬಟ್ಟೆಯ ಒಂದು ಮೂಲೆ ಬಿಚ್ಚಿ ಅವರ ತಲೆಯ ಮೇಲೇ ಇಳಿಯಿತು.

ಮೂರು ಗಂಟೆಗಳು ಹೇಗೆ ಹೋದವೋ ತಿಳಿಯಲಿಲ್ಲ. ನಡುವೆ ಪಟ್ಟಿಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಮತ್ತೆ ಬೇಯಿಸಿದ್ದಾಯಿತು. ಬಿಚ್ಚಿ ಸಾಸ್ ಬಳಿದದ್ದಾಯಿತು. ಬೇಕರಿಯವನ ತಾಯಿ ಮೂರನೇ ಸಲ “ಆಯ್ತೇ?” ಎಂದು ಕೇಳಿದಾಗ ಅತ್ತೆ ಒಂದು ಪಟ್ಟಿಯನ್ನು ಇಕ್ಕಳದಲ್ಲಿ ಎತ್ತಿದರು. ಅದು ಬಿಲ್ಲಿನಂತೆ ಬಾಗಿತು. ಮೇಲ್ಮೈ ಸಣ್ಣಗೆ ಬಿರಿಯಿತು. ಎಲುಬಿನ ತುದಿಗಳು ಬೆರಳಗಲ ಹೊರಗೆ ಇಣುಕಿದ್ದವು. “ಆಯ್ತು,” ಎಂದರು.

ಎಲ್ಲರೂ ಕೂತರು. ಅತ್ತೆ ಮೊದಲ ತುದಿಯ ತುಂಡನ್ನು ಸೊಸೆಯ ತಟ್ಟೆಗೂ ಎರಡನೆಯದನ್ನು ಬೇಕರಿಯವನ ತಾಯಿಯ ತಟ್ಟೆಗೂ ಹಾಕಿದರು. ಕೊನೆಗೆ ತಾವೂ ಒಂದು ಎಲುಬು ಎತ್ತಿಕೊಂಡು ಕಚ್ಚಿದರು. ಮಾಂಸ ತುಟಿಗೇ ಬಿಟ್ಟು ಬಂತು. ಉಪ್ಪು ತಿಳಿಯಿತು, ಸಿಹಿ ತಿಳಿಯಿತು, ಹುಳಿಯ ಹಿಂದೆ ಖಾರ ಸಣ್ಣಗೆ ಕುಟುಕಿತು. ಹೊಗೆ ಮಾತ್ರ ಬರಲಿಲ್ಲ. ಸೇಬಿನ ಮರದ ಆ ಹೊಗೆ, ಮೂವತ್ತು ವರ್ಷ ಬಟ್ಟೆಗೂ ಕೂದಲಿಗೂ ಅಂಟಿಕೊಂಡಿದ್ದ ಹೊಗೆ, ಎಲ್ಲಿಂದಲೂ ಬರಲಿಲ್ಲ... ಇನ್ನು ಬಾರದೆಯೇ ಇರಬಹುದು. ಅವರು ಕಣ್ಣು ಮುಚ್ಚಿ ಒಂದು ಗಳಿಗೆ ಕಾದರು. ಆಮೇಲೆ ಕಾಯುವುದನ್ನು ಬಿಟ್ಟು, ಕಣ್ಣು ತೆರೆದರು.

“ಹೇಗಿದೆ? ಯಾರಾದ್ರೂ ಹೇಳ್ರೋ!” ಎಂದು ಕೇಳಿದರು.

ಯಾರೂ ಹೇಳಲಿಲ್ಲ. ಮಾವನ ಎರಡೂ ಕೆನ್ನೆಗಳು ಸಾಸ್‌ನಿಂದ ಕೆಂಪಾಗಿದ್ದವು. ಮಗನ ಕನ್ನಡಕದ ಮೇಲೆ ಹನಿ ಬಿದ್ದಿತ್ತು, ಒರೆಸುವ ಪುರಸೊತ್ತಿರಲಿಲ್ಲ. ನಾದಿನಿ ತಾನು ಇಸ್ತ್ರಿ ಹಾಕಿದ ಬಿಳಿ ಹಾಸಿನ ಮೇಲೆ ಮೊಣಕೈ ಊರಿ, ಭಾವಿ ಅತ್ತೆಯ ಎದುರಿಗೇ ಎಲುಬು ಚೀಪುತ್ತಿದ್ದಳು. ಭಾವಿ ಅತ್ತೆ ಅವಳನ್ನು ನೋಡುತ್ತಿರಲಿಲ್ಲ. ತಮ್ಮ ತಟ್ಟೆಯ ಆರನೆಯದರ ಮೇಲೆ ಅವರ ಗಮನವಿತ್ತು. ಸೊಸೆ ಉತ್ತರ ಕೊಡಲೆಂದು ತಲೆ ಎತ್ತಿದಳು. ಬಾಯಿ ತುಂಬಿತ್ತು, ರಸ ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿತ್ತು. ಕೈಸನ್ನೆಯಲ್ಲೇ ‘ಸ್ವಲ್ಪ ತಾಳಿ’ ಎಂದು ಹೇಳಿ ಮತ್ತೆ ತಲೆ ತಗ್ಗಿಸಿದಳು.

ಏಳು ಜನರ ಆ ಮೇಜಿನಲ್ಲಿ ಎಲುಬುಗಳು ತಟ್ಟೆಗೆ ಬೀಳುವ ಟಣ್ ಟಣ್ ಸದ್ದು ಬಿಟ್ಟರೆ ಒಂದು ಮಾತಿಲ್ಲ. ಅತ್ತೆ ಆ ಮೌನವನ್ನು ಸ್ವಲ್ಪ ಹೊತ್ತು ಆಲಿಸಿದರು. ಅವರ ಮುಖದ ಮೇಲೆ ನಗು ಮೆಲ್ಲನೆ ಹರಡಿತು. ನಾನೂರು ಜನರ ಸಾಲು ಬೆಂಚುಗಳ ಮುಂದೆ ನಿಂತು ಮೂವತ್ತು ವರ್ಷ ಕೇಳಿದ್ದ ಮೌನವೇ ಅದು. ಅವರು ತಮ್ಮ ಕುರ್ಚಿಯನ್ನು ಸೊಸೆಯ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡು ಕೂತು, ಇನ್ನೊಂದು ಎಲುಬಿಗೆ ಕೈ ಹಾಕಿದರು.